ಹಳೆಯ ಲಿನಕ್ಸ್‌ಗೆ ಹೊಸ ಇಎಂಎಂಸಿ ಕಾಣದಿದ್ದಾಗ

"ಬೋರ್ಡ್ ಅದೇ, ಇಮೇಜ್ ಅದೇ. ಇಷ್ಟು ವರ್ಷ ನಡೆದದ್ದು ಈಗ ಯಾಕೆ ಬೂಟ್ ಆಗ್ತಿಲ್ಲ ಸರ್?" ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಇಮೇಜ್ ಎಂದರೆ ಬೋರ್ಡ್‌ಗೆ ತುಂಬುವ ಪೂರ್ತಿ ಸಾಫ್ಟ್‌ವೇರಿನ ಪ್ರತಿ. ಸ್ವಲ್ಪ ಕೆದಕಿದರೆ ಬೋರ್ಡ್ ಅದೇ ಅಲ್ಲ ಎಂದು ತಿಳಿಯುತ್ತದೆ. ಸಾಫ್ಟ್‌ವೇರ್ ಶೇಖರಿಸಿಡುವ ಹಳೆಯ ಇಎಂಎಂಸಿ ಚಿಪ್ ಮಾರುಕಟ್ಟೆಯಲ್ಲಿ ಸಿಗದೆ, ಹೊಸ ಚಿಪ್ ಕೂರಿಸಿರುತ್ತಾರೆ. ಅಳತೆ ಒಂದೇ, ಬೆಸುಗೆಯ ಜಾಗಗಳೂ ಒಂದೇ. ಹಾಗಾಗಿ ಯಾರಿಗೂ ಅನುಮಾನ ಬಂದಿರುವುದಿಲ್ಲ.

ಈಚೆಗೆ ಬಂದದ್ದು ಕಾರ್ಖಾನೆಯೊಂದರ ಯಂತ್ರದ ಕಂಟ್ರೋಲರ್. ಎಎಂ335ಎಕ್ಸ್ ಪ್ರೊಸೆಸರ್, ಅಂದರೆ ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿರುವ ಸರಣಿಯದೇ. ಲಿನಕ್ಸ್‌ನ ತಿರುಳಾದ ಕರ್ನಲ್ 3.2, 2012ರ ಜನವರಿಯದು. ಹೊಸ ಲಿನಕ್ಸ್ ಹಾಕಿಬಿಡಬಹುದಲ್ವಾ ಎಂದು ನೀವು ಕೇಳಬಹುದು. ನಾನೂ ಮೊದಲು ಅದನ್ನೇ ಕೇಳಿದೆ. ಆದರೆ ಮೋಟರ್ ಓಡಿಸುವ ಡ್ರೈವರ್ ಆ ಕರ್ನಲ್‌ಗೆಂದೇ ಕಂಪೈಲ್ ಆದ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಣುಕು. ಅದರ ಸೋರ್ಸ್ ಯಾರ ಹತ್ತಿರವೂ ಇಲ್ಲ. ಯಂತ್ರ ಇಂಟರ್ನೆಟ್‌ಗೆ ಸೇರಿಲ್ಲ, ಆದ್ದರಿಂದ ಹಳೆಯ ಕರ್ನಲ್ ಉಳಿಸಲು ಒಪ್ಪಿಕೊಂಡೆ. ನೆಟ್‌ನಲ್ಲಿರುವ ಸಾಧನವಾಗಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಮೊದಲ ಕೆಲಸ, ಬೂಟ್ ಆಗುವಾಗ ಬೋರ್ಡ್ ಹೇಳುವುದನ್ನು ತೋರಿಸುವ ಸೀರಿಯಲ್ ಕನ್ಸೋಲ್ ಜೋಡಿಸುವುದು. 3.3 ವೋಲ್ಟ್‌ನ ಯುಎಸ್‌ಬಿ ಸೀರಿಯಲ್ ಕೇಬಲ್, ವೇಗ ಸೆಕೆಂಡಿಗೆ 115200 ಬಿಟ್. 5 ವೋಲ್ಟ್‌ನದನ್ನು ಹಾಕಬೇಡಿ, ಪ್ರೊಸೆಸರ್ ಸುಟ್ಟುಹೋಗಬಹುದು. ಕನ್ಸೋಲ್ ಇಲ್ಲದೆ ಇಮೇಜನ್ನು ಮತ್ತೆ ಮತ್ತೆ ಬರೆಯುತ್ತಾ ಕೂರುವುದು ಸುಮ್ನೆ ಸಮಯ ಹಾಳು.

ಕನ್ಸೋಲ್‌ನಲ್ಲಿ ಕಂಡದ್ದು ವಿಚಿತ್ರವಾಗಿತ್ತು. ಕರ್ನಲ್‌ಗೂ ಮೊದಲು ಓಡುವ ಯು-ಬೂಟ್ ಎಂಬ ಪ್ರೋಗ್ರಾಂ ಅದೇ ಇಎಂಎಂಸಿಯಿಂದ ಕರ್ನಲ್ ಓದಿ ಮೆಮೊರಿಗೆ ಹಾಕಿತು. ಕರ್ನಲ್ ಶುರುವಾಯಿತು. ಆಮೇಲೆ "ವೇಟಿಂಗ್ ಫಾರ್ ರೂಟ್ ಡಿವೈಸ್", ಅಂದರೆ ಮುಖ್ಯ ಫೈಲ್‌ಗಳಿರುವ ಸಾಧನಕ್ಕೆ ಕಾಯುತ್ತಿದ್ದೇನೆ, ಎಂದು ನಿಂತದ್ದು ನಿಂತೇಬಿಟ್ಟಿತು. ಯು-ಬೂಟ್‌ಗೆ ಕಂಡ ಚಿಪ್ ಕರ್ನಲ್‌ಗೆ ಯಾಕೆ ಕಾಣಲಿಲ್ಲ?

ಅದಕ್ಕೆ ಉತ್ತರ ನಾಲ್ಕು ಸಾಲು ಮೇಲೆಯೇ ಇತ್ತು. ಗೊತ್ತಿಲ್ಲದ ಇಎಕ್ಸ್‌ಟಿ-ಸಿಎಸ್‌ಡಿ ರಿವಿಷನ್ 8, ಎರರ್ ಮೈನಸ್ 22. ಪ್ರತಿ ಇಎಂಎಂಸಿಯೊಳಗೂ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ 512 ಬೈಟ್‌ನ ಒಂದು ಪಟ್ಟಿ ಇರುತ್ತದೆ, ಅದೇ ಇಎಕ್ಸ್‌ಟಿ-ಸಿಎಸ್‌ಡಿ. ಅದರ 192ನೇ ಬೈಟ್ ರಿವಿಷನ್. 6 ಇದ್ದರೆ ಇಎಂಎಂಸಿ ಮಾನದಂಡದ 4.5ನೇ ಆವೃತ್ತಿಯ ಕಾಲದ ಚಿಪ್, 7 ಅಂದರೆ 5.0, 8 ಅಂದರೆ 5.1. ಈ 3.2 ಕರ್ನಲ್‌ನಲ್ಲಿ, 6ಕ್ಕಿಂತ ಜಾಸ್ತಿ ಇದ್ದರೆ ಚಿಪ್ಪನ್ನೇ ತಿರಸ್ಕರಿಸು ಎಂಬ ಒಂದು ತಪಾಸಣೆ ಇದೆ. ಅದನ್ನು ಬರೆದಾಗ 5.0 ಇನ್ನೂ ಹುಟ್ಟಿರಲಿಲ್ಲ. ಯು-ಬೂಟ್ ಆ ತಪಾಸಣೆ ಮಾಡುವುದಿಲ್ಲ, ಅದಕ್ಕೇ ಅದಕ್ಕೆ ತೊಂದರೆಯಾಗಲಿಲ್ಲ. ಚಿಪ್ ಕೆಟ್ಟಿಲ್ಲ, ಬೆಸುಗೆಯೂ ಸರಿಯಾಗಿದೆ. ಹೊಸ ಚಿಪ್ ಹಳೆಯ ರೀತಿಯಲ್ಲೂ ಮಾತಾಡಬಲ್ಲದು. ಕರ್ನಲ್ ಕೇಳಿಸಿಕೊಳ್ಳಬೇಕು, ಅಷ್ಟೆ.

ಈ ತಪಾಸಣೆಯನ್ನು ಕರ್ನಲ್‌ನವರು 2014ರಲ್ಲಿ ತೆಗೆದುಹಾಕಿದರು. ರಿವಿಷನ್ ಸಂಖ್ಯೆಯೊಂದನ್ನೇ ನೋಡಿ ಚಿಪ್ಪನ್ನು ತಳ್ಳಿಹಾಕಬಾರದು ಎಂದು 5.0ರ ಸ್ಪೆಸಿಫಿಕೇಷನ್ನೇ ಹೇಳುತ್ತದೆ. ಆ ಕೆಲವೇ ಸಾಲುಗಳ ಬದಲಾವಣೆಯನ್ನು 3.2ಕ್ಕೆ ತಂದು ಕಂಪೈಲ್ ಮಾಡಿದೆವು. ಇಎಂಎಂಸಿ ಕಂಡಿತು. ಇಂಥ ಕಡೆ ಇಡೀ ಎಂಎಂಸಿ ಕೋಡನ್ನು ಹೊಸ ಕರ್ನಲ್‌ನಿಂದ ಎತ್ತಿ ತರಲು ಹೋಗಬೇಡಿ. ಬೇಕಾದಷ್ಟನ್ನೇ ಮುಟ್ಟಿ.

ಆದರೂ ಕೆಲಸ ಮುಗಿಯಲಿಲ್ಲ. ಬೂಟ್ ಆಯಿತು, ಆದರೆ ಏನನ್ನೂ ಬರೆಯಲು ಆಗುತ್ತಿಲ್ಲ. ಫೈಲ್ ಸಿಸ್ಟಂ ಬರೀ ಓದುವ ಸ್ಥಿತಿಯಲ್ಲಿ ಮೌಂಟ್ ಆಗಿತ್ತು. ಇದಕ್ಕೆ ಕಾರಣ, ತಿದ್ದಿದ ಕರ್ನಲ್ ಸೇರಿಸಿ ಇಮೇಜನ್ನು ಮತ್ತೆ ತಯಾರಿಸಿದ ಹುಡುಗನ ಹೊಸ ಲ್ಯಾಪ್‌ಟಾಪ್. ಫಾರ್ಮ್ಯಾಟ್ ಮಾಡುವ ಸಲಕರಣೆಯಾದ ಇ2ಎಫ್ಎಸ್‌ಪ್ರಾಗ್ಸ್‌ನ 2016ರ 1.43 ಆವೃತ್ತಿಯಿಂದ ಈಚೆಗೆ, ಇಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ಸಿಸ್ಟಂ ಫಾರ್ಮ್ಯಾಟ್ ಮಾಡಿದರೆ ಮೆಟಾಡೇಟಾ ಚೆಕ್‌ಸಮ್ (ಫೈಲ್ ಸಿಸ್ಟಂನ ಒಳಲೆಕ್ಕ ಕೆಟ್ಟಿಲ್ಲವೆಂದು ಪರೀಕ್ಷಿಸುವ ಮೊತ್ತ) ಮತ್ತು 64 ಬಿಟ್ (ತೀರಾ ದೊಡ್ಡ ಡಿಸ್ಕ್‌ಗಳಿಗೆ) ಸೌಲಭ್ಯಗಳು ತಾವಾಗಿಯೇ ಆನ್ ಆಗುತ್ತವೆ. ಚೆಕ್‌ಸಮ್ 3.2ಕ್ಕೆ ತಿಳಿಯದು. ಚೆಕ್‌ಸಮ್ ಇರುವ ಫೈಲ್ ಸಿಸ್ಟಂ ಅನ್ನು ಓದುತ್ತದೆ, ಬರೆಯಲು ಮಾತ್ರ ಒಪ್ಪುವುದಿಲ್ಲ. ಕರ್ನಲ್ ಇಎಕ್ಸ್‌ಟಿ4 ಭಾಗದಲ್ಲೇ ಇದ್ದರೆ, ಹಳೆಯ ಯು-ಬೂಟ್‌ಗೆ 64 ಬಿಟ್ ಕಂಡರೆ ಆಗದು. ಫಾರ್ಮ್ಯಾಟ್ ಮಾಡುವಾಗಲೇ ಎರಡನ್ನೂ ಆಫ್ ಮಾಡಿ.

ಇನ್ನೊಂದು ಮಾತು. ಎಸ್‌ಡಿ ಕಾರ್ಡ್‌ನಿಂದ ಬೂಟ್ ಮಾಡಿ ಇಎಂಎಂಸಿಗೆ ಇಮೇಜ್ ಬರೆಯುತ್ತೀರಿ, ಅಲ್ವಾ? ಕಾರ್ಡ್ ಇದ್ದಾಗ ಲಿನಕ್ಸ್ ಇಎಂಎಂಸಿಗೆ ಕೊಡುವ ನಂಬರ್ 1. ಕಾರ್ಡ್ ತೆಗೆದರೆ ಹಳೆಯ ಕರ್ನಲ್‌ನಲ್ಲಿ ಅದೇ 0 ಆಗುತ್ತದೆ. ಯು-ಬೂಟ್ ಕರ್ನಲ್‌ಗೆ ಕೊಡುವ ಸೂಚನೆಯಾದ ಬೂಟ್ ಆರ್ಗ್ಯುಮೆಂಟ್‌ನಲ್ಲಿ 0 ಬರೆದು, ಕಾರ್ಡ್ ಹೊರಗಿಟ್ಟೇ ಪರೀಕ್ಷೆ ಮಾಡಿ.

ಕೊನೆಗೆ ಮೋಟರ್ ಡ್ರೈವರ್ ಲೋಡ್ ಆಗಲಿಲ್ಲ! ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನಮ್ಮ ಬದಲಾವಣೆ ಸೇರಿದ್ದರಿಂದ ಕರ್ನಲ್ ಹೆಸರಿನ ತುದಿಗೆ ಒಂದು ಪ್ಲಸ್ ಚಿಹ್ನೆ ತಾನಾಗಿ ಅಂಟಿಕೊಂಡಿತ್ತು. ಮಾಡ್ಯೂಲ್ ಹುಡುಕುವುದು ಅಕ್ಷರಕ್ಕೆ ಅಕ್ಷರ ಹೊಂದುವ ಹೆಸರನ್ನು. ಕಂಪೈಲ್ ಆದೇಶದಲ್ಲೇ, ಹೆಸರಿನ ತುದಿಗೆ ಸೇರುವ ಲೋಕಲ್ ವರ್ಷನ್ ಖಾಲಿ ಇಟ್ಟು ಮತ್ತೆ ಕಂಪೈಲ್ ಮಾಡಿದೆವು. ಪ್ಲಸ್ ಹೋಯಿತು, ಮೋಟರ್ ತಿರುಗಿತು.