ಬಳಸಿದ ಡಿಟಿಜಿ ಯಂತ್ರ: ಕೊಳ್ಳುವ ಮೊದಲು, ಕೊಂಡ ಮೇಲೆ

ನೀರಿನಲ್ಲಿ ಕದಡಿದ ಪಿಗ್ಮೆಂಟ್ ಶಾಯಿಯನ್ನು ಟೀ-ಶರ್ಟಿನ ಮೇಲೆ ನೇರವಾಗಿ ಸಿಂಪಡಿಸಿ ಚಿತ್ರ ಮೂಡಿಸುವ ಯಂತ್ರವೇ ಡಿಟಿಜಿ (ಡೈರೆಕ್ಟ್ ಟು ಗಾರ್ಮೆಂಟ್). ಸ್ಕ್ರೀನ್ ಪ್ರಿಂಟಿಂಗಿನಂತೆ ಬಣ್ಣಕ್ಕೊಂದು ಸ್ಕ್ರೀನ್ ಕಟ್ಟುವ ಕೆಲಸವಿಲ್ಲದ ಕಾರಣ ನಾಲ್ಕೈದು ಶರ್ಟುಗಳ ಆರ್ಡರಿಗೂ ಇದು ಒದಗುತ್ತದೆ. ಮೈಸೂರಿನಂಥ ಊರಿನಲ್ಲಿ ಇಂಥ ಆರ್ಡರುಗಳು ಜೂನ್ 21ರ ಯೋಗ ದಿನ, ದಸರಾ ಮತ್ತು ಕಾಲೇಜು ಉತ್ಸವಗಳ ಆಸುಪಾಸಿನಲ್ಲಿ ಒಟ್ಟಿಗೆ ಬಂದು ಬಳಿಕ ಕಡಿಮೆಯಾಗುವುದರಿಂದ, ಮಾರಾಟಕ್ಕೆ ಬರುವ ಯಂತ್ರ ಹಲವು ವಾರ ಸುಮ್ಮನೆ ನಿಂತಿದ್ದಿರಬಹುದು. ‘ಹೆಚ್ಚು ಓಡಿಲ್ಲ’ ಎಂಬ ಮಾತು ಸ್ಕೂಟರಿಗೆ ಭೂಷಣ. ಡಿಟಿಜಿಗೆ ಅದೇ ಮೊದಲ ಅನುಮಾನ.

ಇದಕ್ಕೆ ಕಾರಣ ಬಿಳಿ ಶಾಯಿ. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ಸುಮಾರು 4 ಪಟ್ಟು ಸಾಂದ್ರವಾದ್ದರಿಂದ, ಕದಡದೆ ಬಿಟ್ಟರೆ ಕಾರ್ಟ್ರಿಜ್, ಕೊಳವೆ, ಪ್ರಿಂಟ್ ಹೆಡ್ಡಿಗೆ ಹೋಗುವ ಮುನ್ನ ಶಾಯಿಯನ್ನು ಸೋಸುವ ಡ್ಯಾಂಪರ್‌ಗಳ ತಳದಲ್ಲಿ ಗಸಿಯಾಗಿ ಕೂರುತ್ತದೆ ಮತ್ತು ಕೊನೆಗೆ ಪ್ರಿಂಟ್ ಹೆಡ್ಡಿನ ಕೂದಲಿಗಿಂತ ಸಣ್ಣ ರಂಧ್ರಗಳನ್ನು, ಅಂದರೆ ನಾಜಲ್‌ಗಳನ್ನು, ಮುಚ್ಚಿಬಿಡುತ್ತದೆ. ಎಪ್ಸನ್ ಎಫ್2000 ಯಂತ್ರದ ಹೆಡ್ಡಿನಲ್ಲಿ ಸಾಲಿಗೆ 360ರಂತೆ 8 ಸಾಲು ನಾಜಲ್‌ಗಳಿವೆ. ಹೊಸ ಹೆಡ್ಡಿನ ಬೆಲೆಯನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಚೌಕಾಸಿಗೆ ಆಧಾರ ಸಿಗುತ್ತದೆ.

ಪರೀಕ್ಷೆಗೆ ಹೋಗುವ ದಿನ ಬೆಳಿಗ್ಗೆ ಯಂತ್ರವನ್ನು ಆನ್ ಮಾಡದೆ ಇಟ್ಟಿರುವಂತೆ ಮಾರುವವರನ್ನು ಕೇಳಿಕೊಳ್ಳಬೇಕು. ಆಗಷ್ಟೇ ಹೆಡ್ ಕ್ಲೀನಿಂಗ್ (ಪಂಪಿನಿಂದ ಶಾಯಿ ಎಳೆದು ಹೆಡ್ಡನ್ನು ತೊಳೆಯುವುದು) ಮಾಡಿದ ಯಂತ್ರ ಎಷ್ಟೋ ದೋಷಗಳನ್ನು ಸ್ವಲ್ಪ ಹೊತ್ತು ಮರೆಮಾಚಬಲ್ಲದು. ಮೊದಲು ನಾಜಲ್ ಚೆಕ್ ಮುದ್ರಿಸಿ; ಇದು ಪ್ರತಿ ನಾಜಲ್ ಒಂದೊಂದು ಪುಟ್ಟ ಗೆರೆ ಎಳೆಯುವ ಪರೀಕ್ಷೆ. ಬಿಳಿ ಕಾಗದದ ಮೇಲೆ ಬಿಳಿ ಗೆರೆ ಕಾಣುವುದಿಲ್ಲವಾದ್ದರಿಂದ ಪಾರದರ್ಶಕ ಓಎಚ್‌ಪಿ ಹಾಳೆಯೊಂದನ್ನು ಜೊತೆಗೆ ಒಯ್ಯಿರಿ. ಅದನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದರೆ ತುಂಡಾದ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಬಳಿಕ ಕಪ್ಪು ಶರ್ಟಿನ ಮೇಲೆ ಪೂರ್ತಿ ಬಿಳಿ ತುಂಬಿದ ದೊಡ್ಡ ಚೌಕವನ್ನು ಮುದ್ರಿಸಿ, ಮತ್ತೆ ನಾಜಲ್ ಚೆಕ್ ತೆಗೆದು ಎರಡೂ ಚೆಕ್ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಈ ಎರಡು ಹಾಳೆಗಳನ್ನು ಓದಲು ಬಂದರೆ ಅರ್ಧ ವಿದ್ಯೆ ಬಂದಂತೆ. ಎರಡರಲ್ಲೂ ಅದೇ ಜಾಗದ ಗೆರೆಗಳೇ ತಪ್ಪಿದ್ದರೆ ಆ ನಾಜಲ್‌ಗಳು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಮೊದಲ ಹಾಳೆ ಸರಿಯಿದ್ದು ಎರಡನೆಯದರಲ್ಲಿ ಗೆರೆಗಳು ತಪ್ಪಿದ್ದರೆ, ಅಥವಾ ತಪ್ಪುವ ಜಾಗ ಬದಲಾಗುತ್ತಿದ್ದರೆ, ಹೆಡ್ಡಿಗೆ ಶಾಯಿ ಸಾಲುತ್ತಿಲ್ಲ ಎಂದು ತಿಳಿಯಬೇಕು: ಡ್ಯಾಂಪರ್ ಕಟ್ಟಿರಬಹುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಇವು ಕಡಿಮೆ ಖರ್ಚಿನ ರಿಪೇರಿಗಳು. ಕ್ಲೀನಿಂಗ್ ಮಾಡಿದಷ್ಟೂ ಗೆರೆಗಳು ಹೆಚ್ಚು ತಪ್ಪುತ್ತಿದ್ದರೆ ಕ್ಯಾಪಿಂಗ್ ಸ್ಟೇಷನ್ನಿನ, ಅಂದರೆ ಕೆಲಸವಿಲ್ಲದಾಗ ಹೆಡ್ಡನ್ನು ಮುಚ್ಚಿಡುವ ಕ್ಯಾಪಿನ, ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿ. ಅಂಚಿನಲ್ಲಿ ಒಣ ಶಾಯಿ ಗಟ್ಟಿಯಾಗಿದ್ದರೆ ಕ್ಯಾಪ್ ಹೆಡ್ಡಿಗೆ ಸರಿಯಾಗಿ ಕೂರದೆ ಪಂಪು ಶಾಯಿಯ ಬದಲು ಗಾಳಿಯನ್ನು ಎಳೆಯುತ್ತಿರುತ್ತದೆ. ಎಷ್ಟು ತೊಳೆದರೂ ಒಂದು ಬಣ್ಣ ಸ್ವಲ್ಪವೂ ಬಾರದಿದ್ದರೆ, ಹೆಡ್ಡಿನ ಕೇಬಲ್ಲಿಗೆ ಶಾಯಿ ಇಳಿದು ಶಾರ್ಟ್ ಆಗಿರುವುದೂ ಉಂಟು. ಅಂಥ ಯಂತ್ರಕ್ಕೆ ಹೊಸ ಹೆಡ್ಡಿನ ಹಣ ಕಳೆದು ಬೆಲೆ ಕಟ್ಟಬೇಕು. ನನ್ನನ್ನು ಕೇಳಿದರೆ, ಮೊದಲ ಸಲ ಕೊಳ್ಳುವವರು ಅದರ ತಂಟೆಗೇ ಹೋಗಬಾರದು.

ಚಿತ್ರವನ್ನು ಯಂತ್ರ ಮುದ್ರಿಸುವ ರೂಪಕ್ಕೆ ಬದಲಿಸುವ ರಿಪ್ ತಂತ್ರಾಂಶಕ್ಕೆ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಕೀಲಿ; ಅದಿಲ್ಲದೆ ತಂತ್ರಾಂಶ ನಡೆಯದು) ಇದ್ದರೆ ಅದನ್ನು ಕೈಗೆ ಪಡೆಯದೆ ಪೂರ್ತಿ ಹಣ ಕೊಡಬೇಡಿ.

ಬೆಂಗಳೂರಿನಿಂದ ಮಂಡ್ಯಕ್ಕೋ ಮೈಸೂರಿಗೋ ಸಾಗಿಸುವಾಗ ಕಾರ್ಟ್ರಿಜ್ ತೆಗೆದು, ಕೊಳವೆಗಳ ಶಾಯಿಯನ್ನು ಬರಿದು ಮಾಡಿ, ಹೆಡ್ಡಿರುವ ಕ್ಯಾರೇಜ್ ಅಲುಗದಂತೆ ಲಾಕ್ ಮಾಡಿ, ಯಂತ್ರವನ್ನು ಸಮತಟ್ಟಾಗಿಯೇ ಒಯ್ಯಬೇಕು. ವಾಲಿಸಿದರೆ ವೇಸ್ಟ್ ಶಾಯಿ ಒಳಗಿನ ಬೋರ್ಡುಗಳ ಮೇಲೆ ಹರಿಯಬಹುದು.

ನಿತ್ಯದ ಪಾಲನೆಯಲ್ಲಿ ಬಿಳಿ ಶಾಯಿ ತಾನೇ ಸುತ್ತುವ ವ್ಯವಸ್ಥೆಯಿಲ್ಲದ ಯಂತ್ರಗಳ ಕಾರ್ಟ್ರಿಜ್ಜನ್ನು ಪ್ರತಿದಿನ ಮೆಲ್ಲಗೆ ಅಲುಗಾಡಿಸುವುದು, ಹೆಡ್ಡನ್ನು ಒರೆಸುವ ವೈಪರ್ ಮತ್ತು ಕ್ಯಾಪಿನ ಅಂಚನ್ನು ಕ್ಲೀನಿಂಗ್ ದ್ರವದಲ್ಲಿ ಅದ್ದಿದ ನಾರುಬಿಡದ ಕಡ್ಡಿಯಿಂದ ಒರೆಸುವುದು ಮುಖ್ಯ. ಇದಕ್ಕೆ ಬೋರ್‌ವೆಲ್ಲಿನ ಗಡಸು ನೀರು ಸಲ್ಲದು. ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಮಧ್ಯಾಹ್ನಗಳಲ್ಲಿ ನಾಜಲ್‌ಗಳ ತುದಿಯಲ್ಲೇ ಶಾಯಿ ಒಣಗುವುದರಿಂದ, ಕೋಣೆಯ ತೇವಾಂಶ ಶೇ. 40ಕ್ಕಿಂತ ಕೆಳಗಿಳಿಯದಂತೆ ಹ್ಯುಮಿಡಿಫೈಯರ್ ಇಡುವುದು ಮತ್ತು ಫ್ಯಾನಿನ ಗಾಳಿ ಯಂತ್ರಕ್ಕೆ ನೇರವಾಗಿ ಬೀಸದಂತೆ ನೋಡಿಕೊಳ್ಳುವುದು ಒಳಿತು. ಮುದ್ರಣದ ನಡುವೆ ಕರೆಂಟು ಹೋದರೆ ಹೆಡ್ಡು ಕ್ಯಾಪಿಗೆ ಮರಳದೆ ಬಯಲಲ್ಲೇ ನಿಲ್ಲುತ್ತದೆ. ಆದ್ದರಿಂದ ಯಂತ್ರಕ್ಕೊಂದು ಯುಪಿಎಸ್ ಅಗತ್ಯ. ಶರ್ಟನ್ನು ಬಿಸಿಯಿಂದ ಒತ್ತಿ ಒಣಗಿಸುವ ಹೀಟ್ ಪ್ರೆಸ್ಸನ್ನು ಮಾತ್ರ ಅದಕ್ಕೆ ಜೋಡಿಸಬಾರದು, ಅಷ್ಟು ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳುವುದಿಲ್ಲ.

ಒಂದೇ ಶಟರಿನ ಮಳಿಗೆಗಳಲ್ಲಿ ಕಡೆಗಣಿಸುವ ಸಂಗತಿಯೊಂದಿದೆ. ಗಾಢ ಬಣ್ಣದ ಶರ್ಟಿಗೆ ಮುದ್ರಣಕ್ಕೆ ಮೊದಲು ಹಾಕುವ ಪ್ರೀಟ್ರೀಟ್‌ಮೆಂಟ್ ದ್ರವದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಲವಣವಿದ್ದು, ಅದು ಬಿಳಿ ಶಾಯಿಯನ್ನು ನೂಲಿನೊಳಗೆ ಇಂಗಲು ಬಿಡದೆ ಮೇಲೆಯೇ ಹೆಪ್ಪುಗಟ್ಟಿಸುತ್ತದೆ. ಅದೇ ದ್ರವದ ತುಂತುರು ಗಾಳಿಯಲ್ಲಿ ತೇಲಿ ಹೆಡ್ಡಿನ ಮೇಲೆ ಕೂತರೆ ಶಾಯಿ ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಸ್ಪ್ರೇ ಮಾಡುವ ಕೆಲಸವನ್ನು ಹಿತ್ತಲಿಗೋ ಪ್ರತ್ಯೇಕ ಕೋಣೆಗೋ ಸಾಗಿಸಿ, ಶರ್ಟನ್ನು ಪ್ರೆಸ್ಸಿನಲ್ಲಿ ಪೂರ್ತಿ ಒಣಗಿಸಿದ ಮೇಲಷ್ಟೇ ಯಂತ್ರದ ಹತ್ತಿರ ತರಬೇಕು. ಆರ್ಡರಿಲ್ಲದೆ ವಾರಗಟ್ಟಲೆ ಯಂತ್ರ ನಿಲ್ಲುವುದು ಖಚಿತವಾದರೆ, ಬಿಳಿಯ ಸಾಲುಗಳಿಂದ ಶಾಯಿ ತೆಗೆದು ಕ್ಲೀನಿಂಗ್ ದ್ರವ ತುಂಬಿಡಬೇಕು. ಅದರಲ್ಲಿ ಒಂದಿಷ್ಟು ಶಾಯಿ ವ್ಯರ್ಥವಾಗುವುದು ನಿಜ, ಆದರೆ ಆ ನಷ್ಟ ಹೊಸ ಹೆಡ್ಡಿನ ಬೆಲೆಗೆ ಹೋಲಿಸಿದರೆ ತೀರ ಸಣ್ಣದು.