ಕಾಗದ ಕಾರ್ಖಾನೆಯ ಸ್ಲಡ್ಜ್: ಯಾವುದರಿಂದ ಏನು ಮಾಡಬಹುದು?

ಕಾಗದ ಕಾರ್ಖಾನೆಯಲ್ಲಿ ಉಳಿಯುವ ಕೆಸರಿನಂಥ ತ್ಯಾಜ್ಯವೇ ಸ್ಲಡ್ಜ್. ಅದರಿಂದ ಇಟ್ಟಿಗೆ, ಸಿಮೆಂಟ್, ಗೊಬ್ಬರ, ರಟ್ಟು ಮಾಡಬಹುದು ಅಂತ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಈ ಸ್ಲಡ್ಜ್ ಕಾರ್ಖಾನೆಯ ಯಾವ ಜಾಗದಲ್ಲಿ ಹುಟ್ಟಿತು ಅಂತ ಮೊದಲು ಕೇಳಿ. ಉತ್ತರದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ.

ಕೊಳೆನೀರು ಮೊದಲು ಕ್ಲಾರಿಫೈಯರ್ ತೊಟ್ಟಿಗೆ ಬರುತ್ತದೆ. ಅಲ್ಲಿ ತಳ ಸೇರುವುದು ಪ್ರೈಮರಿ ಸ್ಲಡ್ಜ್. ಅದರಲ್ಲಿ ಜಾಲರಿಯಿಂದ ನುಸುಳಿದ ಸಣ್ಣ ನಾರು ಇರುತ್ತದೆ. ಕಾಗದ ಬೆಳ್ಳಗೆ, ನುಣುಪಾಗಿ ಬರಲೆಂದು ಹಾಕಿದ ಕೇವೊಲಿನ್ ಜೇಡಿಯೂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯೂ ಇರುತ್ತವೆ. ನೀರು ಮುಂದೆ ಬ್ಯಾಕ್ಟೀರಿಯಾ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಬೆಳೆದ ಸೂಕ್ಷ್ಮಜೀವಿಗಳ ರಾಶಿಯೇ ಸೆಕೆಂಡರಿ ಸ್ಲಡ್ಜ್. ರದ್ದಿ ಕಾಗದದ ಇಂಕು ತೆಗೆಯುವಾಗ ಬರುವುದು ಡಿಇಂಕಿಂಗ್ ಸ್ಲಡ್ಜ್.

ನಾರು ಜಾಸ್ತಿ ಇರುವ ಪ್ರೈಮರಿ ಸ್ಲಡ್ಜ್ ನಮ್ಮ ದೇಶದಲ್ಲಿ ರಟ್ಟು, ಮೊಟ್ಟೆ ಟ್ರೇ ಮಾಡುವವರಿಗೆ ಹೋಗುತ್ತದೆ. ಇದು ಸುಲಭದ ದಾರಿ.

ಸುಣ್ಣದ ಸ್ಲಡ್ಜ್‌ನ ಕತೆ ಬೇರೆ. ಕಾಗದದ ತಿರುಳು ಬೇಯಿಸಲು ಬಳಸಿದ ಕಾಸ್ಟಿಕ್ ಸೋಡವನ್ನು ಮರಳಿ ಪಡೆಯಲು ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಸುಣ್ಣ ಬೆರೆಸುತ್ತಾರೆ. ಕಾಸ್ಟಿಕ್ ಸೋಡ ವಾಪಸ್ ಬರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಇಳಿಯುತ್ತದೆ. ಅದನ್ನು ಗೂಡಿನಲ್ಲಿ ಸುಟ್ಟರೆ ಮತ್ತೆ ಸುಣ್ಣ. ಆದರೆ ಬಿದಿರು, ಭತ್ತದ ಹುಲ್ಲು, ಕಬ್ಬು ಹಿಂಡಿ ಉಳಿದ ಸಿಪ್ಪೆ ಬಳಸುವ ಕಡೆ ಗಿಡದೊಳಗಿನ ಸಿಲಿಕಾ ಕೂಡ ಬರುತ್ತದೆ. ಪ್ರತಿ ಸುತ್ತಿನಲ್ಲೂ ಅದು ಸುಣ್ಣದಲ್ಲಿ ಸೇರುತ್ತಾ ಹೋಗುತ್ತದೆ, ಸುಣ್ಣ ಕೆಡುತ್ತದೆ. ಕಾಗದಕ್ಕೆ ಕಾಟ ಕೊಡುವ ಈ ಸಿಲಿಕಾ ಸಿಮೆಂಟಿಗೆ ಬೇಕೇ ಬೇಕು! ತಮಿಳುನಾಡಿನ ಕರೂರು ಜಿಲ್ಲೆಯಲ್ಲಿರುವ ಟಿಎನ್‌ಪಿಎಲ್ (ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್) ಕಾರ್ಖಾನೆ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತದೆ. ಸುಣ್ಣದ ಸ್ಲಡ್ಜ್ ಮತ್ತು ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಹಾರುವ ನುಣ್ಣನೆಯ ಬೂದಿ) ಬಳಸಿ ತನ್ನದೇ ಘಟಕದಲ್ಲಿ ಸಿಮೆಂಟನ್ನೂ ಮಾಡುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಉದಾಹರಣೆ ಇದು.

ಎಲ್ಲ ಬಳಕೆಗೂ ಅಡ್ಡ ಬರುವುದು ನೀರು. ಒಂದು ಲೆಕ್ಕ ಮಾಡಿ ನೋಡಿ. 1,000 ಕೆ.ಜಿ. ಸ್ಲಡ್ಜ್‌ನಲ್ಲಿ ಶೇ. 20 ಘನ ಇದೆ ಎಂದುಕೊಳ್ಳಿ. ಅಂದರೆ ಒಣ ಪದಾರ್ಥ 200 ಕೆ.ಜಿ., ನೀರು 800. ಘನವನ್ನು ಶೇ. 50ಕ್ಕೆ ತರಬೇಕಾದರೆ 600 ಕೆ.ಜಿ. ನೀರು ಹೋಗಬೇಕು. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಬೇಕು. ಒಟ್ಟು 3,24,000 ಆಯಿತು. ಕೆ.ಜಿ.ಗೆ 4,000 ಕಿಲೋಕ್ಯಾಲರಿ ಕೊಡುವ ಕಲ್ಲಿದ್ದಲಾದರೆ 81 ಕೆ.ಜಿ., ಅದೂ ಒಂದಿಷ್ಟೂ ಶಾಖ ಪೋಲಾಗದಿದ್ದರೆ! ಅದಕ್ಕೇ ಮೊದಲು ಸ್ಕ್ರೂ ಪ್ರೆಸ್‌ನಲ್ಲಿ ಹಿಂಡುತ್ತಾರೆ. ಒಣಗಿಸುವುದು ಆಮೇಲಿನ ಮಾತು. ಸೆಕೆಂಡರಿ ಸ್ಲಡ್ಜ್ ಲೋಳೆಲೋಳೆಯಾಗಿರುವುದರಿಂದ ಒಂಟಿಯಾಗಿ ಹಿಂಡಿಸಿಕೊಳ್ಳುವುದಿಲ್ಲ. ಹಿಂಡುವ ಮುಂಚೆ ಅದಕ್ಕೆ ಪ್ರೈಮರಿ ಬೆರೆಸುವುದು ಇದೇ ಕಾರಣಕ್ಕೆ.

ಡಿಇಂಕಿಂಗ್ ಸ್ಲಡ್ಜ್‌ನಲ್ಲಿ ಜೇಡಿ ಜಾಸ್ತಿ. ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೇವೊಲಿನ್ ತನ್ನೊಳಗಿನ ನೀರು ಕಳೆದುಕೊಂಡು ಮೆಟಾಕೇವೊಲಿನ್ ಆಗುತ್ತದೆ. ಅದು ಸುಣ್ಣದ ಜೊತೆ ಸೇರಿ ಗಟ್ಟಿಯಾಗುವುದರಿಂದ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿನ ಬದಲು ಹಾಕಬಹುದು. ಶಾಖ ಅತಿಯಾದರೆ ಆ ಗುಣ ಹೋಗುತ್ತದೆ, ಕಾರ್ಬೊನೇಟ್ ಕೂಡ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನೆದರ್ಲೆಂಡ್ಸ್‌ನ ಆರ್ನ್‌ಹೆಮ್ ಬಳಿ ಇದೇ ತತ್ವದ ಘಟಕ ಕಟ್ಟಿದ್ದರು. ಬೇಡದ ಪದಾರ್ಥ ಅಂತ ಕಣ್ಣುಮುಚ್ಚಿ ಬಾಯ್ಲರಿಗೆ ಹಾಕಿದರೆ ಈ ಲಾಭ ಕೈತಪ್ಪುತ್ತದೆ, ಅಲ್ವಾ?

ಇಟ್ಟಿಗೆ ಮಣ್ಣಿಗೂ ಸ್ಲಡ್ಜ್ ಬೆರೆಸಬಹುದು. ಸುಡುವಾಗ ನಾರು ಉರಿದು ಸಣ್ಣ ರಂಧ್ರಗಳು ಉಳಿಯುತ್ತವೆ. ಇಟ್ಟಿಗೆ ಹಗುರ, ಶಾಖ ದಾಟುವುದೂ ಕಡಿಮೆ. ಪಾಲು ಹೆಚ್ಚಾದಂತೆ ಬಲ ಕುಗ್ಗುತ್ತದೆ.

ಹೊಲಕ್ಕೆ ಹಾಕುವ ವಿಷಯದಲ್ಲಿ ನಿಧಾನಿಸಿ ಓದಿ. ಪ್ರೈಮರಿ ಸ್ಲಡ್ಜ್‌ನಲ್ಲಿ ಇಂಗಾಲ ಬಹಳ, ಸಾರಜನಕ ತೀರಾ ಕಡಿಮೆ. ನೇರವಾಗಿ ಹಾಕಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ. ಸಗಣಿಯನ್ನೋ ಸೆಕೆಂಡರಿ ಸ್ಲಡ್ಜನ್ನೋ ಬೆರೆಸಿ, ಇಂಗಾಲ ಮತ್ತು ಸಾರಜನಕದ ಪ್ರಮಾಣವನ್ನು 30:1ರ ಆಸುಪಾಸಿಗೆ ತಂದು ಕಾಂಪೋಸ್ಟ್ ಮಾಡಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಕಾಗದದಲ್ಲಿದ್ದದ್ದೆಲ್ಲ ಸ್ಲಡ್ಜ್‌ಗೆ ಬರುತ್ತದೆ. ಹಿಂದೆ ಕಾರ್ಬನ್‌ರಹಿತ ನಕಲು ಕಾಗದದಲ್ಲಿ ಪಿಸಿಬಿ ಎಂಬ ವಿಷ ಇತ್ತು. ಅಂಥ ರದ್ದಿಯನ್ನು ಮರುಬಳಸಿದ ಕಾರ್ಖಾನೆಗಳಿಂದ ಅಮೆರಿಕದ ಕಲಮಜೂ ನದಿ ಕೆಟ್ಟಿತು. ಜರ್ಮನಿಯ ರಾಷ್ಟಾಟ್, ಬಾಡೆನ್-ಬಾಡೆನ್ ಸುತ್ತ ಕಾಗದದ ಸ್ಲಡ್ಜ್ ಬೆರೆಸಿದ ಕಾಂಪೋಸ್ಟ್ ಹಾಕಿದ ನೂರಾರು ಹೆಕ್ಟೇರ್ ಹೊಲಗಳಲ್ಲಿ ಪಿಎಫ್‌ಎಎಸ್ ಎಂಬ, ಸುಲಭಕ್ಕೆ ಒಡೆಯದ ರಾಸಾಯನಿಕಗಳು ಸಿಕ್ಕಿದ್ದು 2013ರಲ್ಲಿ ಹೊರಬಂತು. ಅಂತರ್ಜಲಕ್ಕೂ ಇಳಿದಿದ್ದವು. ಇವುಗಳ ಭಯಕ್ಕೇ ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಹೊಲಗಳಿಗೆ ಸ್ಲಡ್ಜ್ ಹಾಕುವುದನ್ನೇ ನಿಷೇಧಿಸಿತು. ಈ ರಾಸಾಯನಿಕಗಳನ್ನು ಎಣ್ಣೆ ಹೀರದ ತಿಂಡಿ ಪೊಟ್ಟಣದ ಕಾಗದಕ್ಕೆ ಬಳಸುತ್ತಾ ಬಂದಿದ್ದಾರೆ. ಕಾಂಪೋಸ್ಟ್ ಮಾಡಿದರೂ ಅವು ನಾಶವಾಗುವುದಿಲ್ಲ. ಹಾಗಾಗಿ ಅಂಥ ಕಾಗದ ಮಾಡುವ, ಇಲ್ಲವೇ ಅದರ ರದ್ದಿ ಬಳಸುವ ಕಾರ್ಖಾನೆಯ ಸ್ಲಡ್ಜ್ ಹೊಲಕ್ಕೆ ಹೋಗುವ ಮೊದಲು ಸೀಸ, ಕ್ಯಾಡ್ಮಿಯಂ ಪರೀಕ್ಷೆ ಸಾಲದು. ಪಿಎಫ್‌ಎಎಸ್ ಪರೀಕ್ಷೆಯೂ ಆಗಲೇಬೇಕು.