ಮನೆಯಲ್ಲೇ ಕಾರ್ಬುರೇಟರಿನ ಜೆಟ್ ಬದಲಿಸುವುದು: ಹೊಸದಾಗಿ ಕಲಿಯುವವರಿಗೆ ಒಂದು ಟಿಪ್ಪಣಿ

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರಿನಲ್ಲಿ ಜೆಟ್ ಎಂದು ಕರೆಯುವುದು ಹಿತ್ತಾಳೆಯ ಒಂದು ಪುಟ್ಟ ತಿರುಪನ್ನು. ಅದರ ನಡುವೆ ನಿಖರವಾದ ಅಳತೆಗೆ ಕೊರೆದ ರಂಧ್ರವಿದ್ದು, ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಸೇರಬೇಕೆಂಬುದನ್ನು ಬಹುಮಟ್ಟಿಗೆ ಆ ರಂಧ್ರವೇ ತೀರ್ಮಾನಿಸುತ್ತದೆ. ಕಾರ್ಖಾನೆಯಿಂದ ಹೊರಬರುವ ಗಾಡಿಯಲ್ಲಿ ಈ ಅಳತೆ ಆ ಗಾಡಿಯದೇ ಏರ್ ಫಿಲ್ಟರ್ ಮತ್ತು ಸೈಲೆನ್ಸರಿಗೆ ಹೊಂದಿಕೊಂಡಿರುತ್ತದೆ. ಇವುಗಳಲ್ಲಿ ಯಾವುದನ್ನಾದರೂ ಬದಲಿಸಿ ಗಾಳಿಯ ಹರಿವು ಸರಾಗವಾದಾಗ, ಅಥವಾ ಗಾಡಿಯನ್ನು ಬಹಳ ಎತ್ತರದ ಪ್ರದೇಶದಲ್ಲಿ ಕಾಯಮ್ಮಾಗಿ ಓಡಿಸಬೇಕಾದಾಗ, ಹಳೆಯ ಜೆಟ್ ಹೊಸ ಪರಿಸ್ಥಿತಿಗೆ ಸರಿಹೊಂದುವುದಿಲ್ಲ. ಒಂದೇ ಸಿಲಿಂಡರು, ಒಂದೇ ಕಾರ್ಬುರೇಟರು ಇರುವ ನಾಲ್ಕು ಸ್ಟ್ರೋಕಿನ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ.

ಕಾರ್ಬುರೇಟರಿನ ಕೊಳವೆ ನಡುವೆ ಕಿರಿದಾಗುತ್ತದೆ. ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇಟಲಿಯ ಜೊವಾನ್ನಿ ಬತ್ತಿಸ್ತಾ ವೆಂಚೂರಿ 1797ರಲ್ಲಿ ವಿವರಿಸಿದ ಪರಿಣಾಮ ಇದೇ. ಎಂಜಿನ್ ಪೆಟ್ರೋಲನ್ನು ಹೀರಿಕೊಳ್ಳುತ್ತದೆ ಎನ್ನುವುದು ರೂಢಿಯ ಮಾತಷ್ಟೇ. ವಾಸ್ತವದಲ್ಲಿ ಫ್ಲೋಟ್ ಬೌಲಿನಲ್ಲಿರುವ, ಅಂದರೆ ಕಾರ್ಬುರೇಟರಿನ ತಳದ ಪೆಟ್ರೋಲ್ ಬಟ್ಟಲಿನಲ್ಲಿರುವ, ವಾತಾವರಣದ ಒತ್ತಡವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ತಳ್ಳುತ್ತದೆ. ಬೌಲಿಗೆ ಗಾಳಿಯಾಡಲೆಂದು ಇರುವ ಸಣ್ಣ ರಬ್ಬರ್ ಪೈಪು ಮಡಚಿಕೊಂಡರೆ ಗಾಡಿ ಸೊರಗುವುದಕ್ಕೆ ಇದೇ ಕಾರಣ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗರಿಷ್ಠ ಶಕ್ತಿ ಸಿಗುವುದು ಅದಕ್ಕಿಂತ ಸ್ವಲ್ಪ ದಟ್ಟವಾದ, ಸುಮಾರು 12.5ರಿಂದ 13ರ ಮಿಶ್ರಣದಲ್ಲಿ. ಗಾಳಿ ಹೆಚ್ಚಾದ ಮಿಶ್ರಣವನ್ನು ಲೀನ್ ಎಂದೂ ಪೆಟ್ರೋಲ್ ಹೆಚ್ಚಾದದ್ದನ್ನು ರಿಚ್ ಎಂದೂ ಮೆಕ್ಯಾನಿಕರು ಹೇಳುತ್ತಾರೆ. ಇಲ್ಲಿಯೂ ಅವೇ ಪದಗಳನ್ನು ಬಳಸುತ್ತೇನೆ.

ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. "ಅರವತ್ತು ಕಿಲೋಮೀಟರ್ ವೇಗದಲ್ಲಿ ಗಾಡಿ ಮುಗ್ಗರಿಸುತ್ತದೆ, ಯಾವ ಜೆಟ್ ಹಾಕಲಿ?" ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಕಾರ್ಬುರೇಟರಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂಬುದು ಮುಖ್ಯವಾಗಿ ಥ್ರಾಟಲ್ (ಆಕ್ಸಿಲರೇಟರ್) ಎಷ್ಟು ತೆರೆದಿದೆ ಎಂಬುದನ್ನು ಅವಲಂಬಿಸಿದೆಯೇ ಹೊರತು ಗಾಡಿಯ ವೇಗವನ್ನಲ್ಲ. ಐಡ್ಲಿಂಗಿನಿಂದ (ಥ್ರಾಟಲ್ ತಿರುಗಿಸದೆ ಎಂಜಿನ್ ತಾನಾಗಿ ಓಡುತ್ತಿರುವ ಸ್ಥಿತಿ) ಕಾಲು ಭಾಗದವರೆಗೆ ಪೈಲಟ್ ಜೆಟ್ ಎಂಬ ಸಣ್ಣ ಜೆಟ್ಟಿನ ಆಡಳಿತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ಲಿನದು, ಅಂದರೆ ಥ್ರಾಟಲ್ ತೆರೆದಂತೆ ಮೇಲೇರುವ ಸೂಜಿಯಂಥ ಕಡ್ಡಿಯದು. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್ ಎಂಬ ದೊಡ್ಡ ಜೆಟ್ಟಿನದು. ಈ ಗಡಿಗಳು ಗೋಡೆಯಂತೆ ಇರುವುದಿಲ್ಲ, ಒಂದರೊಳಗೊಂದು ಬೆರೆತಿರುತ್ತವೆ. ಹ್ಯಾಂಡಲ್ಲಿನ ಹಿಡಿಯ ಮೇಲೊಂದು, ಪಕ್ಕದ ಸ್ವಿಚ್ಚಿನ ಡಬ್ಬಿಯ ಮೇಲೊಂದು ಬಿಳಿ ಟೇಪು ಅಂಟಿಸಿ, ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆದುಕೊಂಡರೆ, ತೊಂದರೆ ಎಲ್ಲಿ ಬರುತ್ತಿದೆ ಎಂದು ಊಹಿಸುವ ಅಗತ್ಯವೇ ಬೀಳುವುದಿಲ್ಲ. ಈ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಉಪಕರಣ ಅದೇ ಎಂಬುದು ನನ್ನ ಅಭಿಪ್ರಾಯ.

ನೀಡಲ್ ಮತ್ತು ಮೇನ್ ಜೆಟ್ಟಿನ ನಡುವೆ ಅಧಿಕಾರ ಹೇಗೆ ಹಸ್ತಾಂತರವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದಾಗಲೇ ನನಗೆ ಈ ವಿಷಯ ಮನದಟ್ಟಾಯಿತು. ಉದಾಹರಣೆಗೆ, ನೀಡಲ್ ಇಳಿಯುವ ಜೆಟ್ಟಿನ ಒಳವ್ಯಾಸ 2.60 ಮಿ.ಮೀ., ನೀಡಲ್ಲಿನ ನೇರ ಭಾಗದ ದಪ್ಪ 2.50 ಮಿ.ಮೀ. ಎಂದಿಟ್ಟುಕೊಳ್ಳೋಣ. ಎರಡರ ನಡುವಿನ ಉಂಗುರದಂಥ ಸಂದಿಯ ವಿಸ್ತೀರ್ಣ ಸುಮಾರು 0.40 ಚದರ ಮಿ.ಮೀ. ಕೆಳಗಿರುವ ಮೇನ್ ಜೆಟ್ಟಿನ ರಂಧ್ರ 1.10 ಮಿ.ಮೀ. ವ್ಯಾಸದ್ದಾದರೆ ಅದರ ವಿಸ್ತೀರ್ಣ 0.95. ಮೇಲಿನ ಸಂದಿಯೇ ಕಿರಿದಾಗಿರುವಾಗ ಪೆಟ್ರೋಲನ್ನು ತಡೆಯುವುದು ಆ ಸಂದಿ. ಕೆಳಗಿನ ಜೆಟ್ ಸ್ವಲ್ಪ ದೊಡ್ಡದಾದರೂ ಹರಿವಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಥ್ರಾಟಲ್ ತಿರುಗಿಸಿದಂತೆ ನೀಡಲ್ ಮೇಲೇರಿ, ಅದರ ಚೂಪಾಗುತ್ತಾ ಹೋಗುವ ಭಾಗ ಜೆಟ್ಟಿನ ಬಾಯಿಗೆ ಬರುತ್ತದೆ. ಅಲ್ಲಿ ನೀಡಲ್ಲಿನ ದಪ್ಪ 2.35 ಮಿ.ಮೀ.ಗೆ ಇಳಿದಾಗ ಸಂದಿ 0.97 ಚದರ ಮಿ.ಮೀ. ಆಗಿ ಮೇನ್ ಜೆಟ್ಟನ್ನು ಮೀರುತ್ತದೆ. ಅಲ್ಲಿಂದಾಚೆಗೆ ತಡೆಯುವ ಸರದಿ ಮೇನ್ ಜೆಟ್ಟಿನದು. ಅರ್ಧ ಥ್ರಾಟಲ್ಲಿನಲ್ಲಿ ಬರುವ ಮುಗ್ಗರಿಕೆಗೆ ಮೇನ್ ಜೆಟ್ ಬದಲಿಸಿ ಪ್ರಯೋಜನವಾಗಲಿಲ್ಲ ಎಂದು ಕೊರಗುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಜೆಟ್ಟಿನ ಮೇಲಿನ ಸಂಖ್ಯೆಯ ಬಗೆಗೂ ಎಚ್ಚರಿಕೆ ಬೇಕು. ಜಪಾನಿನ ಕೈಹಿನ್ ಬ್ರಾಂಡಿನ ಜೆಟ್ಟುಗಳಲ್ಲಿ ಆ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಸೂಚಿಸಿದರೆ, ಅಲ್ಲಿನದೇ ಇನ್ನೊಂದು ಬ್ರಾಂಡ್ ಮಿಕುನಿಯ ಆರುಮೂಲೆಯ ಮೇನ್ ಜೆಟ್ಟುಗಳಲ್ಲಿ ಹರಿವಿನ ಪ್ರಮಾಣವನ್ನು ಸೂಚಿಸುತ್ತದೆ. ಆದ್ದರಿಂದ ಒಂದರ 110 ಮತ್ತೊಂದರ 110ಕ್ಕೆ ಸಮನಲ್ಲ. ವ್ಯಾಸದ ಸಂಖ್ಯೆಯಲ್ಲಿ ಸಣ್ಣ ಹೆಜ್ಜೆಯೂ ದೊಡ್ಡದೇ: 110ರಿಂದ 115ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ಶೇ. 9ರಷ್ಟು ಹೆಚ್ಚುತ್ತದೆ, ಪೈಲಟ್ ಜೆಟ್ಟಿನಲ್ಲಿ 38ರಿಂದ 40ಕ್ಕೆ ಹೋದರೆ ಶೇ. 11ರಷ್ಟು. ಹಳೆಯ ಜೆಟ್ಟನ್ನೇ ತಂತಿಯಿಂದ ಕೆರೆದು ದೊಡ್ಡದು ಮಾಡುವ ಉಪಾಯ ಏಕೆ ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ. ಸ್ವಚ್ಛ ಮಾಡುವಾಗಲೂ ಹಿತ್ತಾಳೆಗೆ ಉಕ್ಕಿನ ತಂತಿ ತಾಗಿಸದೆ, ಕ್ಲೀನರ್ ಸ್ಪ್ರೇ ಮತ್ತು ಒತ್ತಡದ ಗಾಳಿಯನ್ನೇ ಬಳಸುವುದು ಒಳ್ಳೆಯದು.

ಎತ್ತರದ ವಿಷಯ ಸಂಕ್ಷೇಪವಾಗಿ ಹೀಗಿದೆ. ಸಮುದ್ರಮಟ್ಟದಿಂದ 1,500 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇ. 14ರಷ್ಟು ಕಡಿಮೆ. ಆದರೆ ಪೆಟ್ರೋಲಿನ ಹರಿವು ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಅದು ಇಳಿಯುವುದು ಶೇ. 7ರಷ್ಟು ಮಾತ್ರ. ಹೀಗಾಗಿ ಮಿಶ್ರಣ ರಿಚ್ ಆಗುತ್ತದೆ, ಜೆಟ್ಟನ್ನು ಚಿಕ್ಕದು ಮಾಡಬೇಕಾಗುತ್ತದೆ.

ಜೆಟ್ ಕೊಳ್ಳುವ ಮೊದಲು ದೋಷ ಜೆಟ್ಟಿನದೇ ಹೌದೇ ಎಂದು ಪರೀಕ್ಷಿಸಬೇಕು. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರಿನಲ್ಲಿ ಬಿರುಕಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ, ಲೀನ್ ಜೆಟ್ಟಿನ ಲಕ್ಷಣಗಳನ್ನೇ ತೋರಿಸುತ್ತದೆ: ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು, ಐಡ್ಲಿಂಗ್ ಕೆಳಗಿಳಿಯದೆ ಮೇಲೆಯೇ ನಿಲ್ಲುವುದು, ಎಂಜಿನ್ ಬಿಸಿಯಾದರೂ ಚೋಕ್ (ತಣ್ಣಗಿರುವ ಎಂಜಿನ್ ಚಾಲೂ ಮಾಡಲು ಮಿಶ್ರಣವನ್ನು ರಿಚ್ ಮಾಡುವ ವ್ಯವಸ್ಥೆ) ಬೇಕೆನಿಸುವುದು. ಬೌಲಿನಲ್ಲಿ ತೇಲುತ್ತಾ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಎತ್ತರ ತಪ್ಪಿದ್ದರೆ ಎಲ್ಲ ಜೆಟ್ಟುಗಳ ಲೆಕ್ಕವೂ ಒಟ್ಟಿಗೆ ತಪ್ಪುತ್ತದೆ. ವಾಲ್ವಿನ ಸಂದಿ, ಪ್ಲಗ್, ಫಿಲ್ಟರಿನ ಧೂಳು ಇವನ್ನು ನೋಡದೆ ಜೆಟ್ಟಿಗೆ ಕೈಹಾಕಬಾರದು.

ಕೆಲಸ ಮಾಡುವ ಜಾಗದಲ್ಲಿ ಗಾಳಿಯಾಡಬೇಕು. ಹತ್ತಿರದಲ್ಲಿ ಒಲೆ, ಹೀಟರ್, ಬೀಡಿ ಏನೂ ಇರಬಾರದು. ಪೆಟ್ರೋಲ್ ಕಾಕ್ ಮುಚ್ಚಿ, ಬೌಲಿನ ಕೆಳಗಿನ ತಿರುಪು ಸಡಿಲಿಸಿ, ಉಳಿದ ಪೆಟ್ರೋಲನ್ನು ಡಬ್ಬಿಗೆ ಇಳಿಸಬೇಕು. ಜಪಾನಿನ ಕಾರ್ಬುರೇಟರುಗಳ ಅಡ್ಡಗೀರಿನ ತಿರುಪುಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳ ತಳಕ್ಕೆ ಕೂರದೆ ಜಾರಿ, ತಲೆಯನ್ನು ಸವೆಸಿಬಿಡುತ್ತದೆ. ಬೌಲನ್ನು ತೆಗೆದಾಗ ನಡುವಿನ ಸ್ತಂಭದಲ್ಲಿ ಕಾಣುವ ದೊಡ್ಡದು ಮೇನ್ ಜೆಟ್, ಸಾಮಾನ್ಯವಾಗಿ ಪಕ್ಕದ ಆಳವಾದ ಕುಳಿಯೊಳಗೆ ಇರುವ ಸಣ್ಣದು ಪೈಲಟ್ ಜೆಟ್. ಎರಡನ್ನೂ ಅವುಗಳ ಅಗಲಕ್ಕೆ ಸರಿಯಾದ ಉಪಕರಣದಿಂದಲೇ ಬಿಚ್ಚಬೇಕು, ಹಾಕುವಾಗ ಹಗುರವಾಗಿ ಬಿಗಿಯಬೇಕು.

ಐಡ್ಲಿಂಗಿನ ಮಿಶ್ರಣವನ್ನು ಹೊರಗಿನಿಂದ ಹೊಂದಿಸುವ ಮಿಶ್ರಣದ ತಿರುಪಿನ ವಿಷಯಕ್ಕೆ ಬಂದರೆ, ಅದು ಎರಡು ಬಗೆಯದು. ನೀಡಲ್ಲನ್ನು ಹಿಡಿದು ಕೊಳವೆಯಲ್ಲಿ ಮೇಲೆ ಕೆಳಗೆ ಸರಿಯುವ ಸ್ಲೈಡಿಗಿಂತ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯ ತಿರುಪು, ಒಳಗೆ ತಿರುಗಿಸಿದರೆ ರಿಚ್. ಎಂಜಿನ್ನಿನ ಕಡೆಗಿದ್ದರೆ ಪೆಟ್ರೋಲಿನ ತಿರುಪು, ಹೊರಗೆ ತಿರುಗಿಸಿದರೆ ರಿಚ್. ಬಿಚ್ಚುವ ಮೊದಲು ಅದು ಮೃದುವಾಗಿ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಬೇಕು. ಬಲ ಹಾಕಿದರೆ ತುದಿ ಮುರಿಯುತ್ತದೆ. ಪೆಟ್ರೋಲಿನ ತಿರುಪಿನ ಹಿಂದೆ ಸ್ಪ್ರಿಂಗ್, ವಾಷರ್, ಒ-ರಿಂಗ್ ಈ ಕ್ರಮದಲ್ಲಿರುತ್ತವೆ. ಮೊದಲ ಸಲ ಬಿಚ್ಚಿದಾಗ ನನ್ನ ಕೈಗೆ ಬಂದದ್ದು ತಿರುಪು ಮತ್ತು ಸ್ಪ್ರಿಂಗ್ ಮಾತ್ರ. ಉಳಿದೆರಡು ಆ ಕುಳಿಯ ತಳದಲ್ಲೇ ಅಂಟಿಕೊಂಡಿದ್ದವು. ಅದನ್ನರಿಯದೆ ನಾನು ಅಲ್ಲಿಗೆ ಕ್ಲೀನರ್ ಸಿಂಪಡಿಸಿದೆ. ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಆ ರಬ್ಬರು ಉಬ್ಬಿ ಕೆಟ್ಟು, ಐಡ್ಲಿಂಗ್ ಹತೋಟಿಗೇ ಬರಲಿಲ್ಲ. ಎರಡು ದಿನ ನಾನು ಪೈಲಟ್ ಜೆಟ್ಟುಗಳನ್ನು ಬದಲಿಸುತ್ತಲೇ ಇದ್ದೆ. ಕೊನೆಗೆ ಟಾರ್ಚ್ ಹಿಡಿದು ಕುಳಿಯೊಳಗೆ ಇಣುಕಿದಾಗ ಕಪ್ಪು ಅಂಚೊಂದು ಕಂಡಿತು. ಸ್ಲೈಡನ್ನು ರಬ್ಬರ್ ಪೊರೆ ಎತ್ತುವ ಸಿವಿ ಮಾದರಿಯ ಕಾರ್ಬುರೇಟರುಗಳಲ್ಲಿ ಆ ಪೊರೆಗೂ ಕ್ಲೀನರ್ ಇಷ್ಟೇ ಶತ್ರು.

ನೀಡಲ್ಲಿನ ಎತ್ತರವನ್ನು ನಿರ್ಧರಿಸುವ ಕ್ಲಿಪ್ಪಿನಲ್ಲೂ ದಿಕ್ಕು ತಪ್ಪುವುದು ಸುಲಭ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಇಳಿಸಿದರೆ ನೀಡಲ್ ಮೇಲೇರುತ್ತದೆ, ಮಿಶ್ರಣ ರಿಚ್ ಆಗುತ್ತದೆ. ಗೀರುಗಳೇ ಇಲ್ಲದ ನೀಡಲ್ಲುಗಳ ಕೆಳಗೆ ತೆಳುವಾದ ವಾಷರ್ ಇಟ್ಟು ಎತ್ತುವ ರೂಢಿಯಿದೆ.

ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿ ಅಭಿಪ್ರಾಯಭೇದವಿದೆ. ನಾನು ಮೇನ್ ಜೆಟ್ಟಿನಿಂದ ಆರಂಭಿಸುತ್ತೇನೆ, ಏಕೆಂದರೆ ನೀಡಲ್ಲಿನ ಸಂದಿಗೆ ಬರುವ ಪೆಟ್ರೋಲೂ ಅದರ ಮೂಲಕವೇ ಬರುತ್ತದೆ, ಮತ್ತು ಪೂರ್ತಿ ಥ್ರಾಟಲ್ಲಿನಲ್ಲಿ ಲೀನ್ ಆದ ಎಂಜಿನ್ ಅತಿಯಾಗಿ ಬಿಸಿಯಾಗಿ ಪಿಸ್ಟನ್ನಿಗೇ ಹಾನಿಯಾಗಬಹುದು. ಆದ್ದರಿಂದ ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನು ಹಾಕಿ ಕ್ರಮೇಣ ಇಳಿಸುತ್ತಾ ಬರುವುದು ಕ್ಷೇಮ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ವಾಹನ ಸಂಚಾರವಿಲ್ಲದ ಸುರಕ್ಷಿತ ಜಾಗದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ತುಸು ಹಿಂದಕ್ಕೆ ಬಿಡಬೇಕು. ಆಗ ಎಂಜಿನ್ ಚುರುಕಾದಂತೆ ಕಂಡರೆ ಮೇನ್ ಜೆಟ್ ಚಿಕ್ಕದಾಗಿದೆ. ಪೂರ್ತಿ ಥ್ರಾಟಲ್ಲಿನಲ್ಲಿ ಗೊರಗೊರ ಸದ್ದಿನೊಂದಿಗೆ ತೊದಲುತ್ತಾ, ಪ್ಲಗ್ಗಿನ ಮೇಲೆ ಒಣ ಕಪ್ಪು ಮಸಿ ಕೂರುತ್ತಿದ್ದರೆ ದೊಡ್ಡದಾಗಿದೆ. ಅದು ಸರಿಯಾದ ಬಳಿಕ ಅರ್ಧ ಥ್ರಾಟಲ್ಲಿನಲ್ಲಿ ನೀಡಲ್ಲನ್ನು, ಕೊನೆಗೆ ಪೈಲಟ್ ಜೆಟ್ಟನ್ನು ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರದು, ದೋಷ ಯಾವುದರದು ಎಂದು ತಿಳಿಯುವುದಿಲ್ಲ.

ಪೈಲಟ್ ಜೆಟ್ ಸರಿಯಾಗಿದೆಯೇ ಎಂಬುದನ್ನು ಮಿಶ್ರಣದ ತಿರುಪೇ ಹೇಳುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದನ್ನು ನಿಧಾನವಾಗಿ ತಿರುಗಿಸುತ್ತಾ ಐಡ್ಲಿಂಗ್ ಅತ್ಯಂತ ಹೆಚ್ಚಾಗುವ ಬಿಂದುವನ್ನು ಹುಡುಕಬೇಕು. ಪೆಟ್ರೋಲಿನ ತಿರುಪಾದರೆ, ಆ ಬಿಂದು ತಳ ಮುಟ್ಟಿದಲ್ಲಿಂದ ಹೊರಕ್ಕೆ ಸುಮಾರು ಒಂದರಿಂದ ಎರಡೂವರೆ ಸುತ್ತಿನ ನಡುವೆ ಸಿಕ್ಕರೆ ಜೆಟ್ ಸರಿಯಾಗಿದೆ. ಮೂರು ಸುತ್ತು ದಾಟಿದರೂ ಐಡ್ಲಿಂಗ್ ಏರುತ್ತಲೇ ಇದ್ದರೆ ಜೆಟ್ ಚಿಕ್ಕದಾಯಿತು. ಅರ್ಧ ಸುತ್ತಿನೊಳಗೇ ಸಿಕ್ಕರೆ ದೊಡ್ಡದಾಯಿತು. ಗಾಳಿಯ ತಿರುಪಿನಲ್ಲಿ ಈ ತೀರ್ಪು ತಿರುಗುಮುರುಗಾಗುತ್ತದೆ. ಬಿಂದು ಸಿಕ್ಕ ಬಳಿಕ ಐಡ್ಲಿಂಗಿನ ತಿರುಪಿನಿಂದ ವೇಗವನ್ನು ಕೈಪಿಡಿಯಲ್ಲಿ ಹೇಳಿದ ಮಟ್ಟಕ್ಕೆ ಇಳಿಸಿ, ಮರುದಿನ ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಚೋಕ್ ಹಾಕಿ ಒಮ್ಮೆ ಚಾಲೂ ಮಾಡಿ ನೋಡಬೇಕು, ಬೌಲಿನ ಅಂಚಿನಲ್ಲಿ ಪೆಟ್ರೋಲ್ ಜಿನುಗುತ್ತಿದೆಯೇ ಎಂದು ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಕು.